ಹಳೆಯ ಜೀಪಿನ ವೈರಿಂಗ್ ದೋಷಗಳು: ಅಳೆದು ಹುಡುಕುವ ಕ್ರಮ

ಅಡಿಕೆ ಕೊಯ್ಲು ಶುರುವಾಯಿತೆಂದರೆ ನಮ್ಮ ತಾಳ್ಯ ಹೋಬಳಿಯ ಶೆಡ್ಡುಗಳಲ್ಲಿರುವ ಹಳೆಯ ಜೀಪುಗಳಿಗೆ ಬಿಡುವೆಂಬುದಿಲ್ಲ. ಹಸಿ ಗೊನೆಯನ್ನು ತೋಟದಿಂದ ಸುಲಿಯುವ ಜಾಗಕ್ಕೆ ತರುವುದು, ಬೇಯಿಸಿ ಒಣಗಿಸಿದ ಮಾಲನ್ನು ಭೀಮಸಮುದ್ರಕ್ಕೋ ಚನ್ನಗಿರಿಗೋ ಸಾಗಿಸುವುದು, ಗೊಬ್ಬರದ ಚೀಲ ಹೊರುವುದು, ನಡುರಾತ್ರಿ ಯಾರಿಗಾದರೂ ಕಾಯಿಲೆಯಾದರೆ ಹೊಳಲ್ಕೆರೆ ಅಥವಾ ಚಿತ್ರದುರ್ಗದ ಆಸ್ಪತ್ರೆಗೆ ಓಡುವುದು, ಎಲ್ಲಕ್ಕೂ ಅದೇ ಗಾಡಿ. ಮಲೆನಾಡಿನ ಕಡೆ ಕಾಫಿ ತೋಟವಿರುವ ಸದಸ್ಯರ ಸ್ಥಿತಿಯೂ ಬೇರೆಯಲ್ಲ. ಇಪ್ಪತ್ತು ಮೂವತ್ತು ವರ್ಷದ ಜೀಪಿನ ಎಂಜಿನ್ನು, ಗೇರುಪೆಟ್ಟಿಗೆ ಇನ್ನೂ ಗಟ್ಟಿಯಾಗಿರುತ್ತವೆ. ಆದರೆ ಬೆಳಗಿನ ಜಾವ ಸೆಲ್ಫ್ ಹೊಡೆದರೆ ‘ಟಕ್’ ಎಂದು ಸುಮ್ಮನಾಗುತ್ತದೆ. ಕತ್ತಲಲ್ಲಿ ದೀಪ ಮಿಣುಕುತ್ತದೆ. ಹಾರ್ನ್ ಒತ್ತಿದರೆ ಫ್ಯೂಸ್ ಹೋಗುತ್ತದೆ.

ಇಂಥ ಸಂದರ್ಭದಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಊಹೆಯ ರಿಪೇರಿ. ಮೊದಲು ಬ್ಯಾಟರಿ ಬದಲಿಸುವುದು, ಹೋಗದಿದ್ದರೆ ಸೆಲ್ಫ್ ಮೋಟಾರು ಬಿಚ್ಚಿಸುವುದು, ಆಮೇಲೆ ಡೈನಮೋ. ಸದಸ್ಯರೊಬ್ಬರ ಜೀಪಿನಲ್ಲಿ ಒಂದೇ ವರ್ಷದಲ್ಲಿ ಬ್ಯಾಟರಿ ಹೊಸದಾಯಿತು, ಸೆಲ್ಫ್ ಮೋಟಾರು ಎರಡು ಸಲ ರಿಪೇರಿಯಾಯಿತು. ದೋಷ ಇದ್ದದ್ದು ಎಂಜಿನ್ನಿಗೂ ಚಾಸಿಗೂ ನಡುವಿನ ಅಂಗೈ ಉದ್ದದ ತಾಮ್ರದ ಪಟ್ಟಿಯಲ್ಲಿ. ಅದರ ಬೋಲ್ಟಿನ ಕೆಳಗೆ ತುಕ್ಕು ಕೂತಿತ್ತು. ಸೆಲ್ಫ್ ಹೊಡೆದಾಗ ಆಕ್ಸಿಲರೇಟರ್ ಕೇಬಲ್ಲು ಕೈ ಸುಡುವಷ್ಟು ಬಿಸಿಯಾಗುತ್ತದೆಂದು ಡ್ರೈವರು ಹೇಳುತ್ತಲೇ ಇದ್ದ. ಅದಕ್ಕೂ ವೈರಿಂಗಿಗೂ ಸಂಬಂಧವಿದೆಯೆಂದು ಯಾರೂ ಯೋಚಿಸಲಿಲ್ಲ. ಪಟ್ಟಿ ಬಿಚ್ಚಿ ಉಜ್ಜಿ ಬಿಗಿ ಮಾಡಿದ ಮೇಲೆ ಜೀಪು ಮೊದಲಿನಂತಾಯಿತು.

ಆದುದರಿಂದ ಈ ಪಾಠದ ಸಾರವನ್ನು ಮೊದಲೇ ಹೇಳಿಬಿಡುತ್ತೇವೆ. ಹಳೆಯ ಗಾಡಿಯ ವಿದ್ಯುತ್ ದೋಷಗಳಲ್ಲಿ ಬಹುಪಾಲು ಇರುವುದು ಜೋಡಣೆಗಳಲ್ಲಿ ಮತ್ತು ಕರೆಂಟು ಮರಳಿ ಬರುವ ದಾರಿಯಲ್ಲಿ. ಅದನ್ನು ಸಾಮಾನು ಬದಲಿಸಿ ಹುಡುಕಬಾರದು, ಅಳೆದು ಹುಡುಕಬೇಕು.

1. ಹೋಗುವ ದಾರಿ, ಬರುವ ದಾರಿ

ಬಾವಿಯಿಂದ ಪೈಪಿನಲ್ಲಿ ಬಿಟ್ಟ ನೀರು ಅಡಿಕೆ ಬುಡಕ್ಕೆ ಬಿದ್ದರೆ ಅಲ್ಲಿಗೆ ಕೆಲಸ ಮುಗಿಯಿತು. ಅದು ಮರಳಿ ಬಾವಿಗೆ ಬರಬೇಕಾಗಿಲ್ಲ. ವಿದ್ಯುತ್ತು ಹಾಗಲ್ಲ. ಬ್ಯಾಟರಿಯ ಒಂದು ಕಂಬದಿಂದ ಹೊರಟ ಕರೆಂಟು ದೀಪವನ್ನೋ ಮೋಟಾರನ್ನೋ ದಾಟಿ ಇನ್ನೊಂದು ಕಂಬಕ್ಕೆ ಬಂದು ಸೇರಲೇಬೇಕು. ಮನೆಯಲ್ಲಿ ಇದಕ್ಕೆ ಎರಡು ತಂತಿ ಎಳೆಯುತ್ತಾರೆ. ಗಾಡಿಯಲ್ಲಿ ಹೋಗುವುದಕ್ಕೆ ಮಾತ್ರ ತಂತಿ. ಬರುವ ದಾರಿ ಗಾಡಿಯ ಕಬ್ಬಿಣದ ಮೈ. ಮೆಕ್ಯಾನಿಕ್ಕುಗಳು ಇದನ್ನೇ ಬಾಡಿ ಅರ್ತ್ ಎನ್ನುತ್ತಾರೆ. ಗಾಡಿಯ ಮೈ ತುಕ್ಕು ಹಿಡಿದಂತೆಲ್ಲ ಈ ದಾರಿ ಕೆಡುತ್ತದೆ. ತಂತಿ ಕಣ್ಣಿಗೆ ಕಾಣುವುದರಿಂದ ಎಲ್ಲರೂ ಅದನ್ನು ನೋಡುತ್ತಾರೆ. ಬಾಡಿ ಅರ್ತ್ ಕಡೆ ಯಾರೂ ನೋಡುವುದಿಲ್ಲ.

ಜರ್ಮನಿಯ ಓಮ್ ಎಂಬ ವಿಜ್ಞಾನಿ 1827ರಲ್ಲಿ ಪ್ರಕಟಿಸಿದ ನಿಯಮ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು: ಕರೆಂಟನ್ನು ಅಡ್ಡಿಯಿಂದ ಗುಣಿಸಿದರೆ ಅಲ್ಲಿ ಎಷ್ಟು ವೋಲ್ಟ್ ನಷ್ಟವಾಯಿತೆಂಬುದು ಸಿಗುತ್ತದೆ. ಸೆಲ್ಫ್ ಮೋಟಾರು 200 ಆಂಪಿಯರ್ ಎಳೆಯುತ್ತದೆ ಎನ್ನೋಣ. ಕಿಲುಬು ಹಿಡಿದ ಒಂದು ಜೋಡಣೆಯಲ್ಲಿ ಓಮಿನ ನೂರನೇ ಒಂದು ಭಾಗದಷ್ಟು, ಅಂದರೆ 0.01 ಓಮ್ ಅಡ್ಡಿ ಇದ್ದರೂ ಸಾಕು, 2 ವೋಲ್ಟ್ ಅಲ್ಲೇ ನಷ್ಟ. ಅದೇ ಜೋಡಣೆಯ ಮೂಲಕ 5 ಆಂಪಿಯರಿನ ಒಂದು ದೀಪ ಉರಿದರೆ ನಷ್ಟವಾಗುವುದು 0.05 ವೋಲ್ಟ್ ಮಾತ್ರ. ಆದ್ದರಿಂದಲೇ ದೀಪ ಚೆನ್ನಾಗಿ ಉರಿಯುತ್ತಿದ್ದರೂ ಸೆಲ್ಫ್ ತಿರುಗದಿರಬಹುದು. ದೀಪ ಉರಿಯಿತೆಂದ ಮಾತ್ರಕ್ಕೆ ಕೇಬಲ್ಲು ಸರಿಯಿದೆ ಎಂದು ತೀರ್ಮಾನಿಸಬಾರದು.

2. ಕೈಯಲ್ಲಿ ಇರಬೇಕಾದ ಸಲಕರಣೆ

ಒಂದು ಸಾಧಾರಣ ಮಲ್ಟಿಮೀಟರು. 12 ವೋಲ್ಟಿನ ಬಲ್ಬಿಗೆ ಎರಡು ತಂತಿ ಕಟ್ಟಿದ ಟೆಸ್ಟ್ ಲ್ಯಾಂಪು. ಎಮರಿ ಕಾಗದ, ತಂತಿ ಬ್ರಷ್ಷು, ಸರಿಯಾದ ಅಳತೆಯ ಸ್ಪ್ಯಾನರುಗಳು, ವ್ಯಾಸಲೀನ್, ಬೇರೆ ಬೇರೆ ಆಂಪಿಯರಿನ ಕೆಲವು ಫ್ಯೂಸುಗಳು. ಇಷ್ಟಿದ್ದರೆ ಮನೆಯಲ್ಲಿಯೇ ಮುಕ್ಕಾಲು ಪಾಲು ದೋಷ ಹುಡುಕಬಹುದು.

ಕೆಲಸಕ್ಕೆ ಮುಂಚೆ ಉಂಗುರ, ಲೋಹದ ಗಡಿಯಾರ ತೆಗೆದಿಡತಕ್ಕದ್ದು. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಹೊರಡುವುದರಿಂದ ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ಬ್ಯಾಟರಿ ಬಿಚ್ಚುವಾಗ ಮೊದಲು ಬಾಡಿಗೆ ಹೋಗುವ ಕೇಬಲ್ಲನ್ನು ಬಿಚ್ಚಬೇಕು, ಹಾಕುವಾಗ ಅದನ್ನೇ ಕೊನೆಗೆ ಹಾಕಬೇಕು. ಹಾಗೆ ಮಾಡಿದರೆ ಸ್ಪ್ಯಾನರು ಜಾರಿ ಬಾಡಿಗೆ ತಗುಲಿದರೂ ಅಪಾಯವಿಲ್ಲ.

ಇನ್ನೊಂದು ಎಚ್ಚರ. ಮೊದಲ ಕಾಲದ ಕೆಲವು ಜೀಪುಗಳು 6 ವೋಲ್ಟಿನವು. ಬ್ರಿಟಿಷ್ ಮೂಲದ ಕೆಲವು ಹಳೆಯ ಗಾಡಿಗಳಲ್ಲಿ ಬಾಡಿಗೆ ಸೇರಿರುವುದು ಋಣ ಕಂಬವಲ್ಲ, ಧನ ಕಂಬ. ನಿಮ್ಮ ಗಾಡಿ ಯಾವುದೆಂದು ನೋಡಿಯೇ ಮುಂದುವರಿಯಬೇಕು. ಇಲ್ಲಿ ಬರೆದಿರುವುದು ಇಂದು ಹೆಚ್ಚಾಗಿ ಇರುವ, 12 ವೋಲ್ಟಿನ, ಋಣ ಕಂಬ ಬಾಡಿಗೆ ಸೇರಿದ ಗಾಡಿಗಳಿಗೆ.

3. ಮೊದಲು ಬ್ಯಾಟರಿ

ಬ್ಯಾಟರಿ ಸರಿಯಿಲ್ಲದೆ ಮುಂದಿನ ಯಾವ ಅಳತೆಯೂ ನಂಬುವಂತಿರುವುದಿಲ್ಲ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ, ಎಲ್ಲ ಸ್ವಿಚ್ಚು ಆರಿಸಿ, ಎರಡು ಕಂಬಗಳ ನಡುವೆ ಮೀಟರು ಹಿಡಿಯಿರಿ. 12.6 ವೋಲ್ಟಿನ ಆಸುಪಾಸಿನಲ್ಲಿದ್ದರೆ ಪೂರ್ತಿ ಚಾರ್ಜು, 12.2 ಇದ್ದರೆ ಸುಮಾರು ಅರ್ಧ. 12ಕ್ಕಿಂತ ಕಡಿಮೆಯಿದ್ದರೆ ಮೊದಲು ಚಾರ್ಜ್ ಮಾಡಿಸಬೇಕು. ಬಳಿಕ ಸೆಲ್ಫ್ ಹೊಡೆಯುತ್ತಿರುವಾಗಲೇ ನೋಡಿರಿ. ಚಾರ್ಜಾದ ಬ್ಯಾಟರಿಯೂ ಆಗ 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿಯ ಬಲ ಕುಗ್ಗಿದೆ ಅಥವಾ ಸೆಲ್ಫ್ ಮೋಟಾರು ಹೆಚ್ಚು ಎಳೆಯುತ್ತಿದೆ. 10.5ರ ಮೇಲೆಯೇ ನಿಂತಿದ್ದು ಸೆಲ್ಫ್ ಮಾತ್ರ ನಿಧಾನವಾಗಿ ತಿರುಗುತ್ತಿದ್ದರೆ ಬ್ಯಾಟರಿಯನ್ನು ದೂರಬೇಡಿ, ದೋಷ ದಾರಿಯಲ್ಲಿದೆ.

ಕಂಬದ ಮೇಲಿನ ಬಿಳಿ ಹಸಿರು ಕಿಲುಬನ್ನು ಅಡುಗೆ ಸೋಡ ಬೆರೆಸಿದ ಬಿಸಿನೀರಿನಿಂದ ತೊಳೆಯಿರಿ. ನೀರು ಸೆಲ್ಲಿನೊಳಗೆ ಹೋಗಬಾರದು. ಕ್ಲಾಂಪಿನ ಒಳಮೈಯನ್ನು ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿ, ಆಮೇಲೆ ಹೊರಗಿನಿಂದ ವ್ಯಾಸಲೀನ್ ಸವರಬೇಕು.

4. ಸೆಲ್ಫ್ ತಿರುಗದಿದ್ದರೆ: ಎರಡು ಅಳತೆ

ಇದು ಈ ಪಾಠದ ಮುಖ್ಯ ಭಾಗ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಡೀಸೆಲ್ ಗಾಡಿಯಾದರೆ ಸ್ಟಾಪ್ ಕೇಬಲ್ ಎಳೆದು ಹಿಡಿಯಿರಿ. ಪೆಟ್ರೋಲ್ ಗಾಡಿಯಾದರೆ ಇಗ್ನಿಷನ್ ಕಾಯಿಲ್‌ಗೆ ಸ್ವಿಚ್ಚಿನಿಂದ ಬರುವ ತಂತಿ ಬಿಡಿಸಿ. ಎಂಜಿನ್ನು ಹತ್ತಿಕೊಳ್ಳದೆ ಬರಿದೆ ತಿರುಗುವಂತಿರಬೇಕು. ಮೀಟರನ್ನು ಡಿ.ಸಿ. ವೋಲ್ಟಿಗೆ ಇಡಿ. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಮೀಟರು ನೋಡಲಿ. ಒಂದು ಸಲಕ್ಕೆ ಐದಾರು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು.

ಮೊದಲನೆಯ ಅಳತೆ, ಬರುವ ದಾರಿ: ಮೀಟರಿನ ಕಪ್ಪು ತುದಿಯನ್ನು ಬ್ಯಾಟರಿಯ ಋಣ ಕಂಬದ ಸೀಸಕ್ಕೇ ಒತ್ತಿ ಹಿಡಿಯಿರಿ, ಕ್ಲಾಂಪಿಗಲ್ಲ. ಕೆಂಪು ತುದಿಯನ್ನು ಎಂಜಿನ್ನಿನ ಶುಭ್ರವಾದ ಲೋಹದ ಭಾಗಕ್ಕೆ ಹಿಡಿಯಿರಿ. ಸೆಲ್ಫ್ ಹೊಡೆದಾಗ 0.2 ವೋಲ್ಟಿನವರೆಗೆ ತೋರಿಸಿದರೆ ಸರಿ. 0.5 ದಾಟಿದರೆ ಬಾಡಿ ಅರ್ತ್ ಕೆಟ್ಟಿದೆ. ಈಗ ಕೆಂಪು ತುದಿಯನ್ನು ಹಿಂದಕ್ಕೆ ಒಂದೊಂದೇ ಹೆಜ್ಜೆ ತನ್ನಿರಿ: ಚಾಸಿ, ಕೇಬಲ್ಲಿನ ಲಗ್ಗು, ಬ್ಯಾಟರಿ ಕ್ಲಾಂಪು. ಎಲ್ಲಿ ಅಂಕಿ ಥಟ್ಟನೆ ಇಳಿಯುತ್ತದೋ, ಅದಕ್ಕೆ ಹಿಂದಿನ ಜಾಗಕ್ಕೂ ಇದಕ್ಕೂ ನಡುವಿನ ಜೋಡಣೆಯೇ ದೋಷದ ಸ್ಥಳ.

ಎರಡನೆಯ ಅಳತೆ, ಹೋಗುವ ದಾರಿ: ಕೆಂಪು ತುದಿ ಬ್ಯಾಟರಿಯ ಧನ ಕಂಬಕ್ಕೆ, ಕಪ್ಪು ತುದಿ ಸೆಲ್ಫ್ ಮೋಟಾರಿನ ದಪ್ಪ ಟರ್ಮಿನಲ್ಲಿಗೆ. ಸೆಲ್ಫ್ ಹೊಡೆದಾಗ ಸಾಲಿನಾಲಿಡಿನ ನಷ್ಟವೂ ಸೇರಿ 0.5 ವೋಲ್ಟಿನೊಳಗೆ ಇರಬೇಕು. ಹೆಚ್ಚಿದ್ದರೆ ಹಿಂದಿನಂತೆಯೇ ಒಂದೊಂದೇ ಹೆಜ್ಜೆ ನೋಡುತ್ತ ಬರಬೇಕು.

ಎರಡೂ ಸರಿಯಿದ್ದು ಬ್ಯಾಟರಿಯೂ ಸರಿಯಿದ್ದು ಸೆಲ್ಫ್ ತಿರುಗದಿದ್ದರೆ ಆಗ ಮಾತ್ರ ಸೆಲ್ಫ್ ಮೋಟಾರನ್ನು ಕೆಳಗಿಳಿಸಿ. ಮೇಲೆ ಹೇಳಿದ ಜೀಪಿನಲ್ಲಿ ಎಂಜಿನ್ನಿನಿಂದ ಚಾಸಿಗೆ ದಾರಿ ಮುಚ್ಚಿದ್ದರಿಂದ 200 ಆಂಪಿಯರ್ ಕರೆಂಟು ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ಹಾದಿ ಮಾಡಿಕೊಂಡಿತ್ತು. ಎಂಜಿನ್ನು ರಬ್ಬರ್ ಬುಷ್ಷುಗಳ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ಕರೆಂಟು ಹಾಯುವುದಿಲ್ಲ ಎಂಬುದನ್ನು ನೆನಪಿಟ್ಟರೆ ಆ ತಾಮ್ರದ ಪಟ್ಟಿಯ ಬೆಲೆ ತಿಳಿಯುತ್ತದೆ.

5. ದೀಪ ಮಂಕಾದರೆ

ತಂತು ಬಲ್ಬಿನ ಬೆಳಕು ವೋಲ್ಟಿಗಿಂತ ಬಹಳ ವೇಗವಾಗಿ ಇಳಿಯುತ್ತದೆ. ವೋಲ್ಟು ನೂರಕ್ಕೆ 10ರಷ್ಟು ಕಡಿಮೆಯಾದರೆ ಬೆಳಕು ನೂರಕ್ಕೆ 30ರಷ್ಟು ಕಡಿಮೆಯಾಗುತ್ತದೆ. ಕತ್ತಲ ದಾರಿಯಲ್ಲಿ ಎದುರಿಗೆ ದನವೋ ದೀಪವಿಲ್ಲದ ಗಾಡಿಯೋ ಬಂದಾಗ ಈ ವ್ಯತ್ಯಾಸ ಪ್ರಾಣದ ಪ್ರಶ್ನೆ.

ಇದಕ್ಕೆ ನಮ್ಮವರು ಕಂಡುಕೊಂಡ ಸುಲಭೋಪಾಯ 100 ವ್ಯಾಟಿನ ಬಲ್ಬು. ಲೆಕ್ಕ ನೋಡಿ. 60 ವ್ಯಾಟಿನ ಎರಡು ಬಲ್ಬು 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತವೆ. 100 ವ್ಯಾಟಿನವು ಸುಮಾರು 17 ಆಂಪಿಯರ್. ಹಳೆಯ ಸ್ವಿಚ್ಚು, ಹಳೆಯ ತಂತಿ ಇದನ್ನು ತಾಳುವುದಿಲ್ಲ. ಸ್ವಿಚ್ಚು ಕರಗುತ್ತದೆ, ತಂತಿಯ ಹೊದಿಕೆ ಸುಡುತ್ತದೆ, ದಾರಿಯಲ್ಲಿ ವೋಲ್ಟು ಇನ್ನಷ್ಟು ನಷ್ಟವಾಗಿ ನಿರೀಕ್ಷಿಸಿದ ಬೆಳಕೂ ಸಿಗುವುದಿಲ್ಲ.

ಸರಿಯಾದ ಕ್ರಮವೆಂದರೆ ದೀಪ ಉರಿಯುತ್ತಿರುವಾಗಲೇ ಎರಡು ಅಳತೆ ಮಾಡುವುದು: ಬ್ಯಾಟರಿಯ ಧನ ಕಂಬದಿಂದ ಬಲ್ಬಿನ ಟರ್ಮಿನಲ್ಲಿಗೆ, ಬಲ್ಬಿನ ಅರ್ತ್ ತಂತಿಯಿಂದ ಋಣ ಕಂಬಕ್ಕೆ. ಎರಡೂ ಸೇರಿ ಅರ್ಧ ವೋಲ್ಟಿನ ಆಸುಪಾಸಿನಲ್ಲಿರಬೇಕು. ಅರ್ತ್ ಕಡೆ ನಷ್ಟವಿದ್ದರೆ ದೀಪದ ಬುಡದಿಂದ ಒಂದು ತಂತಿಯನ್ನು ಚಾಸಿಯ ಶುಭ್ರ ಜಾಗಕ್ಕೆ ಬಿಗಿಯಿರಿ. ಹೋಗುವ ಕಡೆ ನಷ್ಟವಿದ್ದರೆ ರಿಲೇ ಹಾಕಿಸಿ. ರಿಲೇಯ 30ನೆಯ ಕಡ್ಡಿಗೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ತಂತಿ, 87ರಿಂದ ದೀಪಕ್ಕೆ. 85, 86 ಇವೆರಡರಲ್ಲಿ ಒಂದಕ್ಕೆ ಹಳೆಯ ಸ್ವಿಚ್ಚಿನ ತಂತಿ, ಇನ್ನೊಂದಕ್ಕೆ ಅರ್ತ್. ಆಗ ಸ್ವಿಚ್ಚಿನಲ್ಲಿ ಹರಿಯುವುದು ಅಲ್ಪ ಕರೆಂಟು, ದೀಪಕ್ಕೆ ಹೋಗುವುದು ಪೂರ್ತಿ ಕರೆಂಟು. ಡಿಮ್ಮಿಗೊಂದು, ಬ್ರೈಟಿಗೊಂದು, ಹೀಗೆ ಎರಡು ರಿಲೇ ಬೇಕಾಗುತ್ತವೆ.

ಹಿಂದಿನ ದೀಪಗಳ ವಿಚಿತ್ರ ವರ್ತನೆಗೂ ಕಾರಣ ಇದೇ. ಇಂಡಿಕೇಟರ್ ಹಾಕಿದರೆ ಬ್ರೇಕ್ ದೀಪವೂ ಜೊತೆಗೆ ಮಿಣುಕಿದರೆ ಆ ದೀಪದ ಅರ್ತ್ ಹೋಗಿದೆ. ಕರೆಂಟು ಪಕ್ಕದ ತಂತುವಿನ ಮೂಲಕ ಮರಳಲು ಹವಣಿಸುತ್ತಿದೆ ಎಂದರ್ಥ.

6. ಫ್ಯೂಸ್ ಪದೇ ಪದೇ ಹೋದರೆ

ಫ್ಯೂಸು ದೋಷವಲ್ಲ, ದೋಷವನ್ನು ತಿಳಿಸುವ ಕಾವಲುಗಾರ. ಅದರ ಜಾಗದಲ್ಲಿ ಸಿಗರೇಟಿನ ಬೆಳ್ಳಿಕಾಗದ, ತಾಮ್ರದ ಎಳೆ, ಮೊಳೆ ಇಟ್ಟು ಓಡಿಸುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ಅಂಥ ಗಾಡಿಯಲ್ಲಿ ಮುಂದೆ ಸುಡುವುದು ತಂತಿ, ಆಮೇಲೆ ಗಾಡಿ. ನಮ್ಮ ಜೀಪುಗಳು ನಿಲ್ಲುವುದು ಹುಲ್ಲಿನ ಬಣವೆ, ಒಣ ಅಡಿಕೆ ಸಿಪ್ಪೆ, ದನದ ಕೊಟ್ಟಿಗೆ ಇವುಗಳ ಮಗ್ಗುಲಲ್ಲಿ ಎಂಬುದನ್ನು ಮರೆಯಬಾರದು.

ಶಾರ್ಟ್ ಎಲ್ಲಿದೆಯೆಂದು ಹುಡುಕುವ ವಿಧಾನ ಸುಲಭ. ಹೋದ ಫ್ಯೂಸಿನ ಜಾಗದ ಎರಡು ತುದಿಗೆ ಒಂದು ಹೆಡ್‌ಲೈಟ್ ಬಲ್ಬನ್ನು ಜೋಡಿಸಿ. ಆ ಫ್ಯೂಸಿಗೆ ಸೇರಿದ ದೀಪ, ಹಾರ್ನ್ ಮುಂತಾದುವನ್ನು ಬಿಡಿಸಿ. ಬಲ್ಬು ಪೂರ್ತಿ ಬೆಳಕಿನಿಂದ ಉರಿದರೆ ತಂತಿ ಎಲ್ಲೋ ಬಾಡಿಗೆ ತಗುಲಿದೆ. ಈಗ ತಂತಿಯ ಕಟ್ಟನ್ನು ಒಂದು ತುದಿಯಿಂದ ಅಲ್ಲಾಡಿಸುತ್ತ ಬನ್ನಿ, ನಡುವಿನ ಜೋಡಣೆಗಳನ್ನು ಒಂದೊಂದಾಗಿ ಬಿಡಿಸಿ. ಯಾವ ಜಾಗದಲ್ಲಿ ಬಲ್ಬು ಆರುತ್ತದೋ ಅಲ್ಲಿ ಹುಡುಕಿ. ಬಲ್ಬು ಇರುವುದರಿಂದ ಕರೆಂಟು ಮಿತಿಯಲ್ಲಿರುತ್ತದೆ, ಫ್ಯೂಸುಗಳೂ ವ್ಯರ್ಥವಾಗುವುದಿಲ್ಲ. ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಇಲ್ಲದೆ ತಂತಿ ಹಾದುಹೋಗುವ ಕಡೆ, ಸ್ಟಿಯರಿಂಗ್ ಕೊಳವೆಯ ಬಳಿ, ಸೈಲೆನ್ಸರಿನ ಹತ್ತಿರ, ಟ್ರೇಲರಿಗೆ ತಂತಿ ತೆಗೆದ ಕಡೆ ಮೊದಲು ನೋಡುವುದು ಲೇಸು.

ಹಳೆಯ ಬ್ರಿಟಿಷ್ ಮಾದರಿಯ ಗಾಜಿನ ಫ್ಯೂಸಿನ ಮೇಲೆ 35 ಎಂದಿದ್ದರೆ ಅದು ಉರಿದುಹೋಗುವ ಅಂಕಿ. ಸತತವಾಗಿ ತಾಳುವುದು ಅದರ ಅರ್ಧದಷ್ಟು ಮಾತ್ರ. ಅದರ ಬದಲು ಈಗಿನ 35 ಆಂಪಿಯರಿನ ಫ್ಯೂಸು ಹಾಕಿದರೆ ತಂತಿಗೆ ರಕ್ಷಣೆ ಇಲ್ಲದಂತಾಗುತ್ತದೆ.

ತಂತಿ ಗುರುತಿಸಲು ಬಣ್ಣ ನೆರವಾಗುತ್ತದೆ. ಲ್ಯೂಕಾಸ್ ಪದ್ಧತಿಯಲ್ಲಿ ಕಂದು ಬ್ಯಾಟರಿಯಿಂದ ನೇರ, ಬಿಳಿ ಇಗ್ನಿಷನ್, ಹಸಿರು ಇಗ್ನಿಷನ್ನಿನಿಂದ ಫ್ಯೂಸಿನ ಮೂಲಕ, ನೇರಳೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ, ಕೆಂಪು ಸಣ್ಣ ದೀಪ, ನೀಲಿ ಹೆಡ್‌ಲೈಟ್, ಕಪ್ಪು ಅರ್ತ್. ಮಾರಿಸ್ ಆಕ್ಸ್‌ಫರ್ಡಿನಿಂದ ಹುಟ್ಟಿ 2014ರವರೆಗೆ ತಯಾರಾದ ಅಂಬಾಸಡರ್‌ನಂಥ ಬ್ರಿಟಿಷ್ ಮೂಲದ ಗಾಡಿಗಳಿಗೆ ಇದು ಉಪಯುಕ್ತ. ಆದರೆ ಹತ್ತು ಕೈ ದಾಟಿ ಬಂದ ಜೀಪಿನಲ್ಲಿ ಬಣ್ಣವನ್ನು ನಂಬುವುದಕ್ಕಿಂತ ಟೆಸ್ಟ್ ಲ್ಯಾಂಪನ್ನು ನಂಬುವುದು ಮೇಲು.

7. ನಿಂತಲ್ಲೇ ಬ್ಯಾಟರಿ ಇಳಿದರೆ

60 ಆಂಪಿಯರ್ ಗಂಟೆಯ ಬ್ಯಾಟರಿಯಿಂದ 1 ಆಂಪಿಯರ್ ಸೋರುತ್ತಿದ್ದರೆ ಎರಡೂವರೆ ದಿನಕ್ಕೆ ಪೂರ್ತಿ ಖಾಲಿ. 5 ವ್ಯಾಟಿನ ಒಂದು ಪುಟ್ಟ ಬಲ್ಬು ಆರದೆ ಉಳಿದರೂ ಆರು ದಿನ ಸಾಕು. ವಾರಕ್ಕೊಮ್ಮೆ ತೆಗೆಯುವ ಗಾಡಿಗೆ ಇದೇ ದೊಡ್ಡ ಕಂಟಕ.

ಇಗ್ನಿಷನ್ ಮತ್ತು ಎಲ್ಲ ಸ್ವಿಚ್ಚುಗಳನ್ನು ಆರಿಸಿ ಋಣ ಕೇಬಲ್ ಬಿಚ್ಚಿ. ಕಂಬಕ್ಕೂ ಕೇಬಲ್ಲಿಗೂ ನಡುವೆ ಟೆಸ್ಟ್ ಲ್ಯಾಂಪು ಹಿಡಿಯಿರಿ. ಹತ್ತಿದರೆ ಸೋರಿಕೆಯಿದೆ. ಫ್ಯೂಸುಗಳನ್ನು ಒಂದೊಂದಾಗಿ ತೆಗೆಯಿರಿ; ಯಾವುದನ್ನು ತೆಗೆದಾಗ ಆರಿತೋ ಆ ಸಾಲಿನಲ್ಲಿ ದೋಷ. ಎಲ್ಲ ಫ್ಯೂಸು ತೆಗೆದರೂ ಉರಿಯುತ್ತಿದ್ದರೆ ಆಲ್ಟರ್ನೇಟರಿನ ದಪ್ಪ ತಂತಿ ಬಿಡಿಸಿ ನೋಡಿ. ಅದರ ಡಯೋಡು ಕೆಟ್ಟಿದ್ದರೆ ಹೀಗಾಗುತ್ತದೆ. ಬಿಡಿಸಿದ ತುದಿ ಬಾಡಿಗೆ ತಗುಲದಂತೆ ಮೊದಲೇ ಬಟ್ಟೆ ಸುತ್ತಿರಬೇಕು. ಹಳೆಯ ಡೈನಮೋ ಗಾಡಿಯಾದರೆ ಕಟೌಟಿನ ಪಾಯಿಂಟು ಅಂಟಿಕೊಂಡಿರಬಹುದು. ಲ್ಯಾಂಪು ಹತ್ತದಿದ್ದರೆ ಮೀಟರಿನ ಆಂಪಿಯರ್ ಭಾಗದಲ್ಲಿಯೂ ನೋಡಬಹುದು. 50 ಮಿಲಿ ಆಂಪಿಯರಿಗಿಂತ ಹೆಚ್ಚಿರಬಾರದು. ಮೀಟರು ಹಾಗೆ ಜೋಡಿಸಿರುವಾಗ ಸೆಲ್ಫ್ ಹೊಡೆದರೆ ಮೀಟರೇ ಸುಟ್ಟುಹೋದೀತು.

ಚಾರ್ಜಾಗುತ್ತಿದೆಯೇ ಎಂದು ತಿಳಿಯಲು ಎಂಜಿನ್ನು ಸ್ವಲ್ಪ ವೇಗದಲ್ಲಿ ಓಡುವಾಗ ಬ್ಯಾಟರಿ ಕಂಬಗಳಲ್ಲಿ 13.8ರಿಂದ 14.4 ವೋಲ್ಟ್ ಇದೆಯೇ ನೋಡಿ. ಡೈನಮೋ ನಿಧಾನ ವೇಗದಲ್ಲಿ ಚಾರ್ಜ್ ಮಾಡುವುದಿಲ್ಲ, ಅದು ದೋಷವಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿಯ ನೀರು ಬೇಗ ಬತ್ತುವುದು ಇದರ ಲಕ್ಷಣ. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿ ಕೇಬಲ್ ತೆಗೆದು ‘ಆಲ್ಟರ್ನೇಟರ್ ಪರೀಕ್ಷೆ’ ಮಾಡುವವರಿಗೆ ಗಾಡಿ ಕೊಡಬೇಡಿ; ಡಯೋಡುಗಳು ಒಂದೇ ಏಟಿಗೆ ಹೋಗುತ್ತವೆ.

8. ತೋಟದ ಗಾಡಿಯ ವಿಶೇಷ ಶತ್ರುಗಳು

ಪಟ್ಟಣದ ಗಾಡಿಗಿಲ್ಲದ ಕೆಲವು ಶತ್ರುಗಳು ನಮ್ಮ ಗಾಡಿಗಿವೆ. ಮೊದಲನೆಯದು ಗೊಬ್ಬರ. ಪೊಟ್ಯಾಷ್, ಅಮೋನಿಯಂ ಸಲ್ಫೇಟುಗಳ ಪುಡಿ ಗಾಳಿಯ ತೇವ ಹೀರಿ ಕಬ್ಬಿಣವನ್ನೂ ತಾಮ್ರದ ಲಗ್ಗುಗಳನ್ನೂ ತಿನ್ನುತ್ತದೆ. ಎರಡನೆಯದು ಬೋರ್ಡೋ ದ್ರಾವಣಕ್ಕೆ ಒಯ್ಯುವ ಮೈಲುತುತ್ತ. ಅದರ ನೀರು ಕಬ್ಬಿಣದ ಮೇಲೆ ಬಿದ್ದರೆ ಕಬ್ಬಿಣ ಕರಗಿ ಅಲ್ಲಿ ತಾಮ್ರ ಕೂರುತ್ತದೆ. ಚಾಸಿಯ ಅರ್ತ್ ಜೋಡಣೆಗಳಿಗೆ ಇದಕ್ಕಿಂತ ಕೇಡು ಬೇರಿಲ್ಲ. ಇವನ್ನು ಸಾಗಿಸಿದ ದಿನವೇ ಗಾಡಿಯ ಹಿಂಭಾಗ ತೊಳೆಯುವುದನ್ನು ರೂಢಿ ಮಾಡಿಕೊಳ್ಳಬೇಕು. ಮೂರನೆಯದು ಇಲಿ, ಹೆಗ್ಗಣ, ಅಳಿಲು. ಗಾಡಿಯೊಳಗೆ ಅಡಿಕೆ, ಭತ್ತ, ತೆಂಗಿನಕಾಯಿ ಚೂರು ಬಿಡಬಾರದು. ತಂತಿಯ ಕಟ್ಟನ್ನು ಕೊಳವೆಯೊಳಗೆ ಹಾಕಿಸಬೇಕು.

ದುರಸ್ತಿಯಲ್ಲಿ ಬಳಸುವ ತಂತಿ ಗಾಡಿಗಾಗಿಯೇ ಮಾಡಿದ, ಹಲವು ಎಳೆಯ ತಾಮ್ರದ್ದಾಗಿರಲಿ. ಮನೆಯ ವೈರಿಂಗಿನ ಒಂಟಿ ಎಳೆ ತಂತಿ ಜೀಪಿನ ಕುಲುಕಾಟಕ್ಕೆ ತುಂಡಾಗುತ್ತದೆ. ಹೊಸೆದು ಟೇಪು ಸುತ್ತಿದ ಜೋಡಣೆ ತಾತ್ಕಾಲಿಕವೆಂದೇ ತಿಳಿಯಬೇಕು. ಲಗ್ಗು ಒತ್ತಿಸಿ ಅಥವಾ ಬೆಸುಗೆ ಹಾಕಿಸಿ ಪಕ್ಕಾ ಮಾಡಬೇಕು. ಡ್ಯಾಶಿನಲ್ಲಿ ಆಮ್‌ಮೀಟರು ಇರುವ ಹಳೆಯ ಜೀಪುಗಳಲ್ಲಿ ಹೆಚ್ಚುಕಡಿಮೆ ಗಾಡಿಯ ಎಲ್ಲ ಕರೆಂಟೂ, ಸೆಲ್ಫ್ ಒಂದನ್ನು ಬಿಟ್ಟು, ಅದರ ಹಿಂದಿನ ಎರಡು ನಟ್ಟುಗಳ ಮೂಲಕ ಹಾಯುತ್ತದೆ. ಅವು ಸಡಿಲವಾದರೆ ಕಾದು ಬೆಂಕಿ ಹತ್ತಬಹುದು. ವರ್ಷಕ್ಕೊಮ್ಮೆ ಬ್ಯಾಟರಿ ಬಿಚ್ಚಿ ಆ ನಟ್ಟುಗಳನ್ನು ಬಿಗಿ ಮಾಡತಕ್ಕದ್ದು. ಬ್ಯಾಟರಿಯ ಬಳಿ ಒಂದು ಕಟ್‌ಆಫ್ ಸ್ವಿಚ್ಚು ಹಾಕಿಸಿ, ರಾತ್ರಿ ಶೆಡ್ಡಿನಲ್ಲಿ ಎಂಜಿನ್ನು ನಿಲ್ಲಿಸಿದ ಮೇಲೆ ಅದನ್ನು ಆರಿಸಿದರೆ ಸೋರಿಕೆಯ ಚಿಂತೆಯೂ ಬೆಂಕಿಯ ಭಯವೂ ಬಹುಮಟ್ಟಿಗೆ ತಪ್ಪುತ್ತದೆ.

ಇನ್ನೊಂದು ವಿಷಯ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆ ಮೇಲೆ ಗಾಡಿಯನ್ನು ತೋರಿಸಿ ನವೀಕರಿಸಿಕೊಳ್ಳಬೇಕು. ಆಗ ದೀಪ, ಇಂಡಿಕೇಟರ್, ಹಾರ್ನ್ ಸರಿಯಿರಲೇಬೇಕು. ಕೊನೆಯ ದಿನ ಗಡಿಬಿಡಿಯಲ್ಲಿ ತಂತಿ ಹೊಸೆಯುವುದಕ್ಕಿಂತ ಈಗಲೇ ನೋಡಿಕೊಳ್ಳುವುದು ಒಳ್ಳೆಯದು.

ನೆನಪಿಡತಕ್ಕ ಅಂಶಗಳು

ಸೆಲ್ಫ್ ‘ಟಕ್’ ಎಂದು ನಿಂತರೆ: ಬ್ಯಾಟರಿ ಕಂಬ, ಎಂಜಿನ್ ಅರ್ತ್ ಪಟ್ಟಿ.
ಕೇಬಲ್ಲು, ಕ್ಲಾಂಪು ಬಿಸಿಯಾದರೆ: ಅಲ್ಲಿಯೇ ಅಥವಾ ಅರ್ತ್ ದಾರಿಯಲ್ಲಿ ಅಡ್ಡಿ.
ಒಂದೇ ದೀಪ ಮಂಕಾದರೆ: ಆ ದೀಪದ ಅರ್ತ್.
ಎರಡೂ ದೀಪ ಮಂಕಾದರೆ: ಸ್ವಿಚ್ಚು, ಡಿಪ್ಪರು, ಚಾರ್ಜಿಂಗ್.
ಫ್ಯೂಸು ಹೋದರೆ: ಅದೇ ಅಂಕಿಯ ಫ್ಯೂಸು ಒಂದು ಸಲ, ಮತ್ತೆ ಹೋದರೆ ಶಾರ್ಟ್ ಹುಡುಕಬೇಕು.
ರಾತ್ರಿ ಬ್ಯಾಟರಿ ಇಳಿದರೆ: ಟೆಸ್ಟ್ ಲ್ಯಾಂಪಿನಿಂದ ಸೋರಿಕೆ ಪರೀಕ್ಷೆ.

ಸದಸ್ಯ ಬಾಂಧವರು ಒಂದು ಪುಟ್ಟ ಪುಸ್ತಕವನ್ನು ಗಾಡಿಯಲ್ಲೇ ಇಟ್ಟು, ಯಾವ ದಿನ ಯಾವ ಅಳತೆ ಬಂತು, ಯಾವ ತಂತಿ ಬದಲಾಯಿತು, ಅದರ ಬಣ್ಣವೇನು ಎಂದು ಬರೆದಿಡಬೇಕೆಂದು ಕೋರುತ್ತೇವೆ. ಆಟೋ ಎಲೆಕ್ಟ್ರಿಷಿಯನ್ನರ ಬಳಿ ಹೋದಾಗ ‘ಜೀಪು ಸ್ಟಾರ್ಟ್ ಆಗ್ತಿಲ್ಲ, ನೋಡಿ’ ಎನ್ನುವುದಕ್ಕೂ ‘ಸೆಲ್ಫ್ ಹೊಡೆದಾಗ ಎಂಜಿನ್ನಿಗೂ ಋಣ ಕಂಬಕ್ಕೂ ನಡುವೆ ಒಂದೂವರೆ ವೋಲ್ಟ್ ನಷ್ಟ ಬರ್ತಿದೆ’ ಎನ್ನುವುದಕ್ಕೂ ತುಂಬ ಅಂತರವಿದೆ. ಮೊದಲನೆಯ ಮಾತಿಗೆ ಊಹೆಯ ಬಿಲ್ಲು ಬರುತ್ತದೆ. ಎರಡನೆಯದಕ್ಕೆ ಒಂದು ಬೋಲ್ಟು ಬಿಚ್ಚಿ ಉಜ್ಜುವ ಕೆಲಸ. ಕೊಯ್ಲು ಶುರುವಾಗುವ ಮುಂಚೆ ಒಂದು ಭಾನುವಾರ ಬಿಡುವು ಮಾಡಿಕೊಂಡು ಮೇಲಿನ ಅಳತೆಗಳನ್ನು ಮುಗಿಸಿಕೊಂಡರೆ, ಮಾಲು ತುಂಬಿ ನಿಂತ ದಿನವಾಗಲಿ, ಆಸ್ಪತ್ರೆಗೆ ಓಡಬೇಕಾದ ರಾತ್ರಿಯಾಗಲಿ ಗಾಡಿ ಕೈ ಕೊಡುವ ಸಂಭವ ಬಹಳ ಕಡಿಮೆಯಾಗುತ್ತದೆ.